ಅಪ್ಪ ಕ್ರಿಯೆ ಬೇಡ ಅಂದಿದ್ದರು. ಹದಿಮೂರನೇ ದಿನ ನಾವೇನು ಮಾಡೋಣ?

ಡೊಂಬಿವಲಿ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಅಪ್ಪ ತೀರಿಕೊಂಡು ಇವತ್ತಿಗೆ ಎಂಟು ದಿನ. ವಯಸ್ಸು 78. ಕಾರ್ಕಳದ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಆಮೇಲೆ ನಲವತ್ತು ವರ್ಷ ದೋಸೆ ಕಾವಲಿ ಮುಂದೆ ನಿಂತರು. ದೇವರನ್ನು ನಂಬುತ್ತಿರಲಿಲ್ಲ. ಅದನ್ನು ಯಾರ ಮೇಲೂ ಹೇರಲೂ ಇಲ್ಲ. ಅಮ್ಮ ದಿನಾ ಸಂಜೆ ದೀಪ ಹಚ್ಚುತ್ತಾರೆ. ಎಣ್ಣೆ ಖಾಲಿಯಾದರೆ ತಂದುಕೊಡುತ್ತಿದ್ದವರು ಅಪ್ಪನೇ.

ಕಪಾಟಿನಲ್ಲಿ ಒಂದು ಕಾಗದ ಇಟ್ಟಿದ್ದರು. ನೋಟ್‌ಬುಕ್ಕಿನ ಹಾಳೆ, ನೀಲಿ ಇಂಕು. ಕಣ್ಣು ಕೊಡಿ, ದೇಹ ಮೆಡಿಕಲ್ ಕಾಲೇಜಿಗೆ ಕೊಡಿ, ಬೊಜ್ಜ (ಉತ್ತರಕ್ರಿಯೆ), ಪಿಂಡ ಯಾವುದೂ ಬೇಡ, ಆ ದುಡ್ಡಲ್ಲಿ ಯಾವುದಾದರೂ ಮಗುವಿನ ಫೀಸು ಕಟ್ಟಿ, ಅಮ್ಮನನ್ನು ಒಂಟಿ ಬಿಡಬೇಡಿ. ಅಷ್ಟೇ ಇತ್ತು.

ಕಣ್ಣು ಕೊಟ್ಟೆವು, ದೇಹವನ್ನೂ ಕೊಟ್ಟೆವು. ಈಗ ಊರಿಂದ ದೊಡ್ಡಪ್ಪ ದಿನಾ ಫೋನ್ ಮಾಡುತ್ತಾರೆ. ಬೊಜ್ಜ ಮಾಡದಿದ್ದರೆ ತಮ್ಮ ಎಲ್ಲೂ ಸೇರದೆ ಅಲೆಯುತ್ತಾನೆ ಅಂತಾರೆ. ಅಮ್ಮ ಏನೂ ಹೇಳುವುದಿಲ್ಲ, ಆದರೆ ರಾತ್ರಿ ಊಟ ಬಿಟ್ಟಿದ್ದಾರೆ. ನಿನ್ನೆ ದೊಡ್ಡಪ್ಪನ ಮಗ ಕೇಳಿದ: "ದೇವರೂ ಇಲ್ಲ, ಪಾಪಪುಣ್ಯವೂ ಇಲ್ಲ ಅಂದ ಮೇಲೆ ನಿನ್ನಪ್ಪ ಯಾವುದಕ್ಕೆ ಹೆದರಿ ಒಳ್ಳೆಯವರಾಗಿದ್ದರು?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಭಾನುವಾರ ಹದಿಮೂರನೇ ದಿನ. ಸುಮಾರು ಐವತ್ತು ಜನ ಬರಬಹುದು. ದೇವರಿಲ್ಲದ ಸಭೆಯಲ್ಲಿ ಏನು ಮಾಡಬೇಕು? ಅಣ್ಣನ ಪ್ರಶ್ನೆಗೆ ಏನು ಹೇಳಬೇಕು?

ನೆರೂಳ್ ನಿವಾಸಿ

ದುಃಖವಾಯಿತು ಅಕ್ಕಾ. ಅಮ್ಮನ ಹತ್ತಿರ ಕೂತು ಊಟ ಮಾಡಿಸಿ, ಉಳಿದದ್ದೆಲ್ಲ ಆಮೇಲೆ.

ಹೋಟೆಲ್ ಹುಡುಗ

ಫೋರ್ಟಿನ ರಾತ್ರಿಶಾಲೆ ಅಂತ ಓದಿದ ಕೂಡಲೇ ಎದೆ ಝಲ್ ಅಂತು. ನಾನೂ ಅಲ್ಲೇ ಕಲಿತವನು. ಸಾರಿನ ಪಾತ್ರೆ ತೊಳೆದು, ಒದ್ದೆ ಚಡ್ಡಿಯಲ್ಲೇ ಬೆಂಚಿಗೆ ಬಂದು ಕೂರುತ್ತಿದ್ದೆವು. ನಿದ್ದೆಗೆ ತಲೆ ವಾಲಿದರೆ ಮೇಷ್ಟ್ರು ಬಯ್ಯುತ್ತಿರಲಿಲ್ಲ, ಬೋರ್ಡ್ ಒರೆಸಲು ಕರೆಯುತ್ತಿದ್ದರು. ಭಾನುವಾರ ಎಲ್ಲಿ, ಎಷ್ಟು ಗಂಟೆಗೆ ಹೇಳಿ. ಬರುತ್ತೇನೆ.

ಕುಂದಾಪ್ರದ ಭಟ್ರು

ನಿಮ್ಮ ದುಃಖಕ್ಕೆ ನಾನೂ ಪಾಲುದಾರ. ಆದರೆ ಒಂದು ಮಾತು. ಕ್ರಿಯೆ ಅನ್ನೋದು ಸತ್ತವರಿಗಿಂತ ಜಾಸ್ತಿ ಉಳಿದವರಿಗಾಗಿ. ಹನ್ನೆರಡು ದಿನ ಮನೆಯವರ ಕೈಗೆ ಕೆಲಸ ಕೊಡುತ್ತದೆ, ಹದಿಮೂರನೇ ದಿನ ಊರನ್ನೇ ಮನೆಗೆ ಕರೆತರುತ್ತದೆ. ಸಾವಿರಾರು ವರ್ಷದಿಂದ ಜನ ಅಳಲು ಒಂದು ದಾರಿ ಮಾಡಿಕೊಂಡಿದ್ದಾರೆ. ಅದನ್ನು ಮುಚ್ಚಿದರೆ ನಿಮ್ಮ ಅಮ್ಮ ಎಲ್ಲಿ ಅಳಬೇಕು? ಒಂದು ದಿನ ಶಾಸ್ತ್ರ ಮಾಡಿದರೆ ಯಾರಿಗೆ ಏನು ನಷ್ಟ?

ಪುಣೆಯ ಓದುಗ

@ಕುಂದಾಪ್ರದ ಭಟ್ರು, ನಷ್ಟ ಆಗುವುದು ಆ ಕಾಗದ ಬರೆದ ಮನುಷ್ಯನಿಗೆ. ಆಸ್ತಿ ಬಗ್ಗೆ ಬರೆದಿದ್ದರೆ ಒಂದಕ್ಷರ ಬಿಡದೆ ಪಾಲಿಸುತ್ತಿದ್ದೆವು, ಅಲ್ವಾ? ತನ್ನ ಮೈ ಬಗ್ಗೆ ಬರೆದರೆ ಮಾತ್ರ ಅದು ಸಲಹೆ ಆಗಿಬಿಡುತ್ತದೆ. ಬದುಕಿದ್ದಾಗ ಹೆಂಡತಿಯ ದೀಪಕ್ಕೆ ಎಣ್ಣೆ ತಂದುಕೊಟ್ಟವರು ಅವರು. ಅವರ ನಂಬಿಕೆಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಕುಂದಾಪ್ರದ ಭಟ್ರು

ಮರ್ಯಾದೆ ಬೇಡ ಅಂತ ನಾನು ಹೇಳಲಿಲ್ಲ. ಉಳಿದವರ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂದೆ.

ವಾಶಿಯ ವಕೀಲೆ

ಕಾನೂನಿನ ಮಟ್ಟಿಗೆ ಒಂದು ವಿಷಯ. ಬದುಕಿದ್ದಾಗ ಎಷ್ಟೇ ಫಾರಂ ತುಂಬಿದ್ದರೂ, ಸತ್ತ ಮೇಲೆ ಮನೆಯವರು ಸಹಿ ಹಾಕದಿದ್ದರೆ ಯಾವ ಕಾಲೇಜೂ ದೇಹ ತೆಗೆದುಕೊಳ್ಳುವುದಿಲ್ಲ. ಮಹಾರಾಷ್ಟ್ರದಲ್ಲಿ ಇದಕ್ಕೆ 1949ರ ಅನಾಟಮಿ ಕಾಯ್ದೆ ಇದೆ. ಆ ಹೊತ್ತಿಗೆ ಮಗಳು ಗಟ್ಟಿಯಾಗಿ ನಿಂತಿದ್ದರಿಂದ ಅಪ್ಪನ ಮಾತು ನಡೆಯಿತು. ಅದೇನು ಸಣ್ಣ ಕೆಲಸ ಅಲ್ಲ.

ಘಾಟ್‌ಕೋಪರ್ ಗೃಹಿಣಿ

ಕಣ್ಣು ಕೊಟ್ಟಿದ್ದು ಹೇಗೆ ಅಂತ ಸ್ವಲ್ಪ ಬರೆಯಿರಿ. ನನ್ನ ಅತ್ತೆಗೂ ಆಸೆ ಇದೆ. ಆದರೆ ಪೊರೆ ತೆಗೆಸಿದ್ದಾರೆ, ಕನ್ನಡಕವೂ ಇದೆ, ಆಗಲ್ಲ ಅಂದುಕೊಂಡಿದ್ದೇವೆ.

ಡೊಂಬಿವಲಿ ಮಗಳು

ಆಗುತ್ತದೆ. ಅಪ್ಪನಿಗೂ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಅವರಿಗೆ ಬೇಕಾಗಿರೋದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಆರು ಗಂಟೆಯೊಳಗೆ ತೆಗೆಯಬೇಕು. ಐಬ್ಯಾಂಕಿಗೆ ಫೋನ್ ಮಾಡಿದಾಗ ಹೇಳಿದರು: ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ. ಹೊರಗೆ ಜೋರು ಮಳೆ. ಫ್ಯಾನ್ ನಿಂತ ಮೇಲೆ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ. ಅಮ್ಮನೇ ಹತ್ತಿಯನ್ನು ನೀರಲ್ಲಿ ಅದ್ದಿ ಹಿಂಡಿ ಕೊಟ್ಟರು. ಇಬ್ಬರು ಬಂದು ಅರ್ಧ ಗಂಟೆಯಲ್ಲಿ ಮುಗಿಸಿದರು. ಮುಖ ಮೊದಲಿನ ಹಾಗೇ ಇತ್ತು. ಅದೇ ಭಯ ಇತ್ತು ನನಗೆ.

ಕಲ್ಯಾಣದ ಮೇಷ್ಟ್ರು

ಆ ಕ್ಷಣದಲ್ಲಿ ನಿಮ್ಮ ತಾಯಿ ಹತ್ತಿ ಹಿಂಡಿ ಕೊಟ್ಟರಲ್ಲ, ಅವರು ಗಂಡನ ಮಾತನ್ನು ಒಪ್ಪಿಯೇ ಇದ್ದಾರೆ. ಅವರ ಸಂಕಟ ಬೇರೆ ಏನೋ ಇದೆ. ಕೇಳಿ ನೋಡಿ.

ತುಳುವೆ

ದೊಡ್ಡಪ್ಪನ ಪರವಾಗಿ ಎರಡು ಮಾತು. ನಮ್ಮೂರಲ್ಲಿ ದೈವದ ಎದುರು ಯಾರೂ ಸುಳ್ಳು ಹೇಳುವುದಿಲ್ಲ. ಕೋರ್ಟಿನಲ್ಲಿ ಹತ್ತು ವರ್ಷ ನಡೆಯುವ ಗಡಿಯ ಜಗಳ ದೈವದ ಒಂದು ನುಡಿಯಲ್ಲಿ ಮುಗಿದದ್ದನ್ನು ನಾನೇ ನೋಡಿದ್ದೇನೆ. ಭಯ ಅನ್ನೋದು ಕೆಟ್ಟದ್ದಲ್ಲ. ಭಯ ಹೋದ ಮೇಲೆ ಜನ ಹೇಗಿರುತ್ತಾರೆ ಅಂತ ಸುತ್ತ ನೋಡಿದರೆ ಗೊತ್ತಾಗುತ್ತದೆ.

ಪುಣೆಯ ಓದುಗ

ಅಣ್ಣ ಕೇಳಿದ ಪ್ರಶ್ನೆಯೂ ಇದೇ. ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಗಲ್ಲಾದ ಮೇಲೆ ಕ್ಯಾಮೆರಾ ಇದೆ ಅಂತ ಕದಿಯದ ಮಾಣಿಯನ್ನು ನಾವು ಪ್ರಾಮಾಣಿಕ ಅನ್ನುತ್ತೇವಾ? ಜಾಗರೂಕ ಅನ್ನಬಹುದು. ಕ್ಯಾಮೆರಾ ಕೆಟ್ಟ ದಿನವೂ ಕೈ ಹಾಕದವನು ಪ್ರಾಮಾಣಿಕ. ಸುಮಾರು 2400 ವರ್ಷದ ಹಿಂದೆ ಪ್ಲೇಟೋ ಒಂದು ಪ್ರಶ್ನೆಯನ್ನು ಸಾಕ್ರಟೀಸ್ ಬಾಯಲ್ಲಿ ಕೇಳಿಸಿದ್ದ. ದೇವರು ಮೆಚ್ಚುತ್ತಾನೆ ಅಂತ ಒಂದು ಕೆಲಸ ಒಳ್ಳೆಯದಾಗುತ್ತದೋ, ಒಳ್ಳೆಯದು ಅಂತ ದೇವರು ಅದನ್ನು ಮೆಚ್ಚುತ್ತಾನೋ? ಎರಡನೆಯದು ನಿಜವಾದರೆ ಒಳ್ಳೆಯದನ್ನು ಗುರುತಿಸಲು ದೇವರನ್ನು ಕೇಳಬೇಕಾಗಿಲ್ಲ. ಮೊದಲನೆಯದು ನಿಜವಾದರೆ ದೇವರು ನಾಳೆ ಮಗುವನ್ನು ಹೊಡೆ ಅಂದರೆ ಅದೂ ಒಳ್ಳೆಯದಾಗಬೇಕು. ಯಾರೂ ಅದನ್ನು ಒಪ್ಪುವುದಿಲ್ಲ. ಅಂದರೆ ನಂಬುವವರೂ ಒಳಗೊಳಗೆ ತಮ್ಮ ಬುದ್ಧಿ ಮತ್ತು ಕರುಳಿನಿಂದಲೇ ಅಳೆಯುತ್ತಿದ್ದಾರೆ.

ಇದನ್ನೇ ಮಾನವತಾವಾದ ಅಂತ ಕರೆಯೋದು. ನಾನು ಮಾಡಿದ್ದರಿಂದ ಯಾರಿಗೆ ನೋವಾಯಿತು, ಯಾರಿಗೆ ನೆರವಾಯಿತು, ಈ ಬದುಕಿನಲ್ಲೇ, ಈ ಕಣ್ಣಿನ ಮುಂದೆ? ತಪ್ಪಿದೆ ಅಂತ ಗೊತ್ತಾದರೆ ತಿದ್ದಿಕೊಳ್ಳುತ್ತೇನಾ? ಮೇಲೊಬ್ಬ ನೋಡುತ್ತಿದ್ದಾನೆ ಅನ್ನೋದಕ್ಕಿಂತ ಪಕ್ಕದಲ್ಲೊಬ್ಬ ಇದ್ದಾನೆ ಅನ್ನೋದು ನನಗೆ ದೊಡ್ಡ ಕಾರಣ.

ತುಳುವೆ

ಹೇಳುವುದು ಸುಲಭ. ಸ್ಟಾಲಿನ್, ಮಾವೋ ಕೂಡ ದೇವರನ್ನು ನಂಬದವರೇ. ಎಷ್ಟು ಜನ ಸತ್ತರು?

ಪುಣೆಯ ಓದುಗ

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ. ಎಂ. ಎನ್. ರಾಯ್ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನಲ್ಲಿ, ಅಂದರೆ ಹಲವು ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟದಲ್ಲಿ, ಲೆನಿನ್ ಜೊತೆ ಕೆಲಸ ಮಾಡಿದವರು. 1929ರಲ್ಲಿ ಅವರನ್ನೇ ಹೊರಹಾಕಿದರು. 1931ರಲ್ಲಿ ಬ್ರಿಟಿಷರು ಅವರನ್ನು ಹಿಡಿದದ್ದು ಇದೇ ಮುಂಬೈನಲ್ಲಿ. ಜೈಲಿನಿಂದ 1936ರಲ್ಲಿ ಹೊರಬಂದರು. ಯೋಚನೆ ಮಾಡುತ್ತಾ ಮಾಡುತ್ತಾ 1946ರಲ್ಲಿ ಮಾನವತಾವಾದದ 22 ಸೂತ್ರಗಳನ್ನು ಮುಂದಿಟ್ಟರು. 1948ರಲ್ಲಿ ತಾವು ಕಟ್ಟಿದ ಪಕ್ಷವನ್ನೇ ಮುಚ್ಚಿದರು. ಅಧಿಕಾರಕ್ಕಾಗಿ ಹೊಡೆದಾಡುವ ಪಕ್ಷ ರಾಜಕಾರಣದಲ್ಲಿ ಮನುಷ್ಯನ ಸ್ವಾತಂತ್ರ್ಯ ಉಳಿಯುವುದಿಲ್ಲ ಅಂತ ಅವರಿಗೆ ಅನ್ನಿಸಿತ್ತು.

ದೇವರನ್ನು ಇಳಿಸಿ ಆ ಪೀಠದ ಮೇಲೆ ಪಕ್ಷವನ್ನೋ ನಾಯಕನನ್ನೋ ಕೂರಿಸಿದರೆ ಅದು ಮಾನವತಾವಾದ ಅಲ್ಲ. ಒಬ್ಬ ಮನುಷ್ಯನನ್ನೂ ಯಾವುದೋ ದೊಡ್ಡ ಗುರಿಗೆ ಸೌದೆ ಮಾಡಬಾರದು.

ಹುಬ್ಬಳ್ಳಿ ಹಡಪ್ಸರ್

ರಾಯ್ ಅವರ ಜೊತೆಗಿದ್ದ ವಿ. ಎಂ. ತಾರ್ಕುಂಡೆ ನಮ್ಮ ಪುಣೆ ಹತ್ತಿರದ ಸಾಸ್ವಡದವರು ನೋಡ್ರಿ. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಆಗಿದ್ದರು. ತುರ್ತುಪರಿಸ್ಥಿತಿಯಲ್ಲಿ ನಾಗರಿಕ ಹಕ್ಕುಗಳಿಗೆ ಬಡಿದಾಡಿದರು. ನಂಬಿಕೆ ಇಲ್ಲದವರಿಗೆ ಬೆನ್ನೆಲುಬು ಇರೋದಿಲ್ಲ ಅನ್ನೋರು ಇವರನ್ನು ನೋಡಬೇಕು.

ಕುಂದಾಪ್ರದ ಭಟ್ರು

ಎಲ್ಲ ಧರ್ಮವೂ ಮಾನವೀಯತೆಯನ್ನೇ ಹೇಳುತ್ತದೆ. ಅದಕ್ಕೆ ಬೇರೆ ವಾದ ಯಾಕೆ ಬೇಕು?

ಕಲ್ಯಾಣದ ಮೇಷ್ಟ್ರು

ಭಟ್ರೇ, ಎರಡು ಪದ ಒಂದೇ ಥರ ಕೇಳುತ್ತವೆ, ಆದರೆ ಬೇರೆ. ಮಾನವೀಯತೆ ಅಂದರೆ ಕನಿಕರ, ದಯೆ. ಅದು ನಂಬುವವರಲ್ಲೂ ಇದೆ, ನಂಬದವರಲ್ಲೂ ಇದೆ, ಯಾರ ಆಸ್ತಿಯೂ ಅಲ್ಲ. ಮಾನವತಾವಾದ ಒಂದು ನಿಲುವು. ಸರಿ ತಪ್ಪುಗಳನ್ನು ಮನುಷ್ಯರೇ ಯೋಚಿಸಿ, ಚರ್ಚಿಸಿ ಕಂಡುಕೊಳ್ಳಬೇಕು, ಹೊರಗಿನ ಯಾವ ಅಪ್ಪಣೆಯೂ ಕೊನೆಯ ಮಾತಲ್ಲ ಅನ್ನೋ ನಿಲುವು. 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇರೆ ಬೇರೆ ದೇಶದವರು ಸೇರಿ ಇದನ್ನು ಘೋಷಣೆ ಮಾಡಿ ಬರೆದಿಟ್ಟರು. 2002ರಲ್ಲಿ, ಮತ್ತೆ 2022ರಲ್ಲಿ ತಿದ್ದಿದರು. ನನಗೆ ಹಿಡಿಸಿದ್ದು ಆ ತಿದ್ದುವ ಗುಣ.

ನೆರೂಳ್ ನಿವಾಸಿ

ನಮ್ಮ ಸಂವಿಧಾನದಲ್ಲೂ ಮಾನವತಾವಾದ ಅನ್ನೋ ಪದ ಇದೆ. ಅಂಬೇಡ್ಕರ್ ಬರೆಯುವಾಗಲೇ ಸೇರಿಸಿದ್ದರು.

ವಾಶಿಯ ವಕೀಲೆ

ಪದ ಇದೆ, ಆದರೆ ಆಗ ಸೇರಿಸಿದ್ದಲ್ಲ. 51ಎ ವಿಧಿ 1976ರ 42ನೇ ತಿದ್ದುಪಡಿಯಲ್ಲಿ ಬಂತು. ವೈಜ್ಞಾನಿಕ ಮನೋಭಾವ, ಮಾನವತಾವಾದ, ಪ್ರಶ್ನಿಸುವ ಮತ್ತು ಸುಧಾರಿಸುವ ಮನಸ್ಸು ಬೆಳೆಸಿಕೊಳ್ಳೋದು ಪ್ರತಿ ನಾಗರಿಕನ ಕರ್ತವ್ಯ ಅಂತ ಅದರ ಎಚ್ ಉಪವಿಧಿ ಹೇಳುತ್ತದೆ. ಪಾಲಿಸದಿದ್ದರೆ ಶಿಕ್ಷೆ ಇಲ್ಲ, ಕೋರ್ಟಿಗೆ ಎಳೆಯಲು ಆಗಲ್ಲ. ಆದರೂ ಅದು ಅಲ್ಲಿರೋದು ನನಗೆ ಹೆಮ್ಮೆ.

ನೆರೂಳ್ ನಿವಾಸಿ

ತಿದ್ದಿದ್ದಕ್ಕೆ ಥ್ಯಾಂಕ್ಸ್ ಮೇಡಂ.

ಬಾಣಗಂಗಾ ಮೆಟ್ಟಿಲು

ಈ ಚರ್ಚೆ ಓದುತ್ತಾ ಒಂದು ನೆನಪು ಬಂತು. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನನಗೆ ಆಗ ಹನ್ನೊಂದು ವರ್ಷ. ವಾಲ್ಕೇಶ್ವರದ ಬಾಣಗಂಗೆಯ ಮೆಟ್ಟಿಲ ಮೇಲೆ ಅಪ್ಪನ ಪಿಂಡ ಇಟ್ಟಿದ್ದೆವು. ಕಾಗೆ ಮುಟ್ಟಬೇಕು. ಮುಂಬೈನಲ್ಲಿ ಕಾಗೆಗೇನು ಬರಗಾಲ? ಆದರೆ ಆ ದಿನ ಒಂದೂ ಕೆಳಗಿಳಿಯಲಿಲ್ಲ. ಕಲ್ಲು ಕಾದು ಕಾಲು ಸುಡುತ್ತಿತ್ತು. ಒಂದು ಗಂಟೆ ಆಯಿತು. ಬಂದವರು ಒಬ್ಬೊಬ್ಬರಾಗಿ ಅಮ್ಮನನ್ನು ಕೇಳತೊಡಗಿದರು. ಅವನಿಗೆ ಏನು ಆಸೆ ಇತ್ತು? ನೀನು ಏನು ಮಾಡಿಕೊಡಲಿಲ್ಲ? ಏನಾದರೂ ಜಗಳ ಆಗಿತ್ತಾ? ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಕೊನೆಗೆ ಸೋದರಮಾವ ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರು, ಎಲ್ಲರೂ ಊಟಕ್ಕೆ ಹೋದರು.

ಅಮ್ಮ ಅದಾದ ಮೇಲೆ 26 ವರ್ಷ ಬದುಕಿದ್ದರು. ಜ್ವರ ಬಂದಾಗೆಲ್ಲ "ಅವರು ಬೇಜಾರಲ್ಲೇ ಹೋದರು" ಅಂತಿದ್ದರು. ಅಪ್ಪ ಹೃದಯಾಘಾತದಿಂದ ಹೋಗಿದ್ದರು, ಅಮ್ಮನ ಕೈತುತ್ತು ತಿಂದು.

ಭಟ್ರೇ, ಕ್ರಿಯೆ ಉಳಿದವರಿಗೆ ಸಮಾಧಾನ ಅಂದಿರಿ. ಹೌದು, ಬಹಳ ಮನೆಗಳಲ್ಲಿ ಹೌದು. ನಮ್ಮ ಮನೆಯಲ್ಲಿ ಅದು ಒಬ್ಬ ಹೆಂಗಸಿನ ಮೇಲೆ ಜೀವಮಾನದ ತಪ್ಪು ಹೊರಿಸಿತು.

ಘಾಟ್‌ಕೋಪರ್ ಗೃಹಿಣಿ

ಓದಿ ಕಣ್ಣಲ್ಲಿ ನೀರು ಬಂತು. ಬಿಸಿಲಲ್ಲಿ ನಿಂತ ಆ ತಾಯಿಗೆ ಒಬ್ಬರೂ ನೀರು ಕೊಟ್ಟಿರಲಿಕ್ಕಿಲ್ಲ.

ಕುಂದಾಪ್ರದ ಭಟ್ರು

@ಬಾಣಗಂಗಾ ಮೆಟ್ಟಿಲು, ಕ್ಷಮಿಸಿ. ಹಾಗೆ ಕೇಳುವುದು ಯಾವ ಶಾಸ್ತ್ರದಲ್ಲೂ ಇಲ್ಲ. ನಾನು ಮಾಡಿಸುವ ಕಡೆ ಕಾಗೆಗಾಗಿ ಕಾಯಿಸುವುದಿಲ್ಲ, ಹಸುವಿಗೆ ಕೊಟ್ಟು ಮುಗಿಸುತ್ತೇನೆ. ನಿಮ್ಮ ತಾಯಿಗೆ ಆದದ್ದು ಅನ್ಯಾಯ.

ಮಡಗಾಂವ್ ಮಂಜು

ಇದಕ್ಕೇ ನರೇಂದ್ರ ದಾಭೋಳ್ಕರ್ ಮಹಾರಾಷ್ಟ್ರದಲ್ಲಿ ಮೂಢನಂಬಿಕೆ ವಿರುದ್ಧ ಕಾನೂನು ತಂದದ್ದು. 2013ರ ಆಗಸ್ಟ್‌ನಲ್ಲಿ ವಿಧಾನಸಭೆಯಲ್ಲಿ ಪಾಸಾದ ಸಿಟ್ಟಿಗೇ ಅವರನ್ನು ಕೊಂದರು.

ಪುಣೆಯ ಓದುಗ

ಮಂಜು, ಕ್ರಮ ಹಿಂದುಮುಂದು ಆಗಿದೆ. 1989ರಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದ ಅವರು ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿದರು. ಬದುಕಿರುವ ತನಕ ಅದು ಆಗಲೇ ಇಲ್ಲ. 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯ ಓಂಕಾರೇಶ್ವರದ ಹತ್ತಿರದ ಸೇತುವೆ ಮೇಲೆ ಗುಂಡು ಹೊಡೆದರು. ವಾಕಿಂಗ್ ಹೊರಟಿದ್ದರು. ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಶಾಸನ ಆಯಿತು. 2024ರ ಮೇನಲ್ಲಿ ಪುಣೆಯ ಕೋರ್ಟು ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಮೂವರನ್ನು ಬಿಡುಗಡೆ ಮಾಡಿತು.

ಇನ್ನೊಂದು ವಿಷಯ. ಆ ಕಾನೂನು ಶ್ರಾದ್ಧವನ್ನೋ ಪೂಜೆಯನ್ನೋ ತಡೆಯುವುದಿಲ್ಲ. ನರಬಲಿ, ಮಾಟದ ಹೆಸರಲ್ಲಿ ಹಿಂಸೆ, ದೆವ್ವ ಬಿಡಿಸುತ್ತೇನೆ ಅಂತ ಹೊಡೆಯೋದು, ಇಂಥವನ್ನು ಮಾತ್ರ. ದೇವರನ್ನು ನಂಬುವವರ ಜೊತೆ ನನಗೆ ಜಗಳ ಇಲ್ಲ, ಶೋಷಣೆ ಮಾಡುವವರ ಜೊತೆ ಇದೆ ಅನ್ನೋದು ಅವರ ನಿಲುವಾಗಿತ್ತು. ಮೊದಲು ವೈದ್ಯರಾಗಿದ್ದವರು. ಸಾತಾರಾದಲ್ಲಿ ಕುಡಿತ ಬಿಡಿಸುವ ಕೇಂದ್ರವನ್ನೂ ನಡೆಸಿದರು.

ತುಳುವೆ

ಯಾವಾಗಲೂ ಹಿಂದೂಗಳನ್ನೇ ತಿದ್ದಲು ಬರುತ್ತೀರಿ. ಬೇರೆಯವರ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಹುಬ್ಬಳ್ಳಿ ಹಡಪ್ಸರ್

ಹಮೀದ್ ದಳವಾಯಿ ಹೆಸರು ಕೇಳಿದ್ದೀರಾ? ಕೊಂಕಣದವರು. 1966ರಲ್ಲಿ ಏಳು ಜನ ಮುಸ್ಲಿಂ ಹೆಂಗಸರನ್ನು ಕರೆದುಕೊಂಡು ಮುಂಬೈನಲ್ಲಿ ತಲಾಖ್ ವಿರುದ್ಧ ಮೆರವಣಿಗೆ ಮಾಡಿದರು. 1970ರಲ್ಲಿ ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಲ ಶುರು ಮಾಡಿದರು. ತಮ್ಮವರಿಂದಲೇ ಬೈಗುಳ ತಿಂದರು. 1977ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಯಾವ ಧರ್ಮದ ವಿಧಿಯೂ ಇಲ್ಲದೆ ದಹನ ಮಾಡಿದರು. ಸುಪ್ರೀಂ ಕೋರ್ಟು ಒಂದೇ ಉಸಿರಿನ ತ್ರಿವಳಿ ತಲಾಖನ್ನು ರದ್ದು ಮಾಡಿದ್ದು 2017ರಲ್ಲಿ. ಏಳು ಹೆಂಗಸರು ಬೀದಿಗೆ ಬಂದು 51 ವರ್ಷ ಆಗಿತ್ತು.

ತುಳುವೆ

ಇವರ ಬಗ್ಗೆ ಗೊತ್ತಿರಲಿಲ್ಲ. ಓದುತ್ತೇನೆ.

ಘಾಟ್‌ಕೋಪರ್ ಗೃಹಿಣಿ

ಗಂಡಸರ ಹೆಸರೇ ಜಾಸ್ತಿ ಆಯಿತು, ಸಾವಿನ ಮಾತೇ ಜಾಸ್ತಿ ಆಯಿತು. ಬದುಕಿನ ಮಾತೂ ಇರಲಿ. ಇದೇ ಮುಂಬೈನಲ್ಲಿ ರಘುನಾಥ ಧೋಂಡೋ ಕರ್ವೆ ಅನ್ನೋ ಗಣಿತದ ಮೇಷ್ಟ್ರು 1921ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. ಕೆಲಸ ಹೋಯಿತು. 1927ರಿಂದ ಸಾಯುವ ತನಕ ಪತ್ರಿಕೆ ನಡೆಸಿದರು. ಅಶ್ಲೀಲ ಅಂತ ಕೇಸ್ ಹಾಕಿದಾಗ ಅವರ ಪರ ವಾದ ಮಾಡಿದ್ದು ಅಂಬೇಡ್ಕರ್. ನನ್ನ ಅಜ್ಜಿ ಹನ್ನೊಂದು ಹೆತ್ತು ನಾಲ್ಕನ್ನು ಕಳೆದುಕೊಂಡವರು. ದೇವರು ಕೊಟ್ಟಿದ್ದು ಅಂತಿದ್ದರು. ಅವರಿಗೆ ಬೇಕಾ ಅಂತ ಯಾರೂ ಕೇಳಲಿಲ್ಲ. ನನ್ನ ಮಟ್ಟಿಗೆ ಆ ಪ್ರಶ್ನೆ ಕೇಳೋದೇ ಮಾನವತಾವಾದ.

ಮಡಗಾಂವ್ ಮಂಜು

ಕನ್ನಡದವರನ್ನೂ ನೆನೆಯೋಣ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಖಾದಿ ಉಟ್ಟ ಗಾಂಧಿವಾದಿ, ಹಾಸ್ಟೆಲಿನ ರೂಮಿನಲ್ಲಿ ಬದುಕಿದವರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತ ಹುಡುಗರಿಗೆ ಜೀವನಪೂರ್ತಿ ಹೇಳಿದರು. ಬಸವಣ್ಣ, ಕುವೆಂಪು ಎಲ್ಲರೂ ಮಾನವತಾವಾದಿಗಳೇ.

ಕಲ್ಯಾಣದ ಮೇಷ್ಟ್ರು

ನರಸಿಂಹಯ್ಯ ಸರಿ. ಬಸವಣ್ಣನವರನ್ನು ಅಷ್ಟು ಸುಲಭವಾಗಿ ಎಳೆದುಕೊಳ್ಳಬೇಡಿ. ಅವರಿಗೆ ಕೂಡಲಸಂಗಮ ಉಸಿರು. ಕುವೆಂಪು ರಾಮಕೃಷ್ಣ ಆಶ್ರಮದ ಮಡಿಲಲ್ಲಿ ಬೆಳೆದವರು. 1966ರಲ್ಲಿ ಮಗನಿಗೆ ಪುರೋಹಿತರಿಲ್ಲದೆ ಮಂತ್ರಮಾಂಗಲ್ಯದ ಮದುವೆ ಮಾಡಿಸಿದಾಗಲೂ ಅದರಲ್ಲಿ ಉಪನಿಷತ್ತಿನ ಮಾತು ಇತ್ತು. ದೇವರನ್ನು ಇಟ್ಟುಕೊಂಡೇ ಜಾತಿಯನ್ನು, ಪುರೋಹಿತರನ್ನು ಬಿಟ್ಟವರು ಅವರು. ನಮ್ಮ ದಾರಿಗೆ ದೀಪ ಹಿಡಿದವರು ಅನ್ನೋಣ. ನಮ್ಮ ಬಿಲ್ಲೆ ಅವರ ಎದೆಗೆ ಅಂಟಿಸೋದು ಬೇಡ.

ಮಡಗಾಂವ್ ಮಂಜು

ಒಪ್ಪಿದೆ ಸರ್.

ನೆರೂಳ್ ನಿವಾಸಿ

2005ರ ಜುಲೈ 26 ನೆನಪಿದೆಯಾ? ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ಕುರ್ಲಾದಿಂದ ಎದೆಮಟ್ಟದ ನೀರಿನಲ್ಲಿ ನಡೆದೆ. ಯಾರೋ ಹಗ್ಗ ಹಿಡಿದು ಎಳೆದರು, ಯಾರೋ ಪಾರ್ಲೆ ಬಿಸ್ಕತ್ತು ಕೊಟ್ಟರು. ಒಬ್ಬರೂ ಜಾತಿ ಕೇಳಲಿಲ್ಲ. ಅಲ್ಲಿ ದೇವರ ಮಾತೇ ಬರಲಿಲ್ಲ.

ತುಳುವೆ

ಆ ರಾತ್ರಿ ನಾನು ಮಲಗಿದ್ದು ಒಂದು ಮಸೀದಿಯಲ್ಲಿ. ಗುರುದ್ವಾರ, ದೇವಸ್ಥಾನ ಎಲ್ಲವೂ ಬಾಗಿಲು ತೆರೆದಿದ್ದವು. ದೇವರ ಮಾತೇ ಬರಲಿಲ್ಲ ಅಂತ ಬರೆಯಬೇಡಿ.

ನೆರೂಳ್ ನಿವಾಸಿ

ನಿಜ, ಅದೂ ನಿಜ.

ಬಿಳಿ ಕೋಟು

ನಾನು ಡಾಕ್ಟರ್, ಓದಿದ್ದು ಮುಂಬೈನಲ್ಲೇ. ಅಪ್ಪನ ದೇಹ ಅಲ್ಲಿ ಏನಾಗುತ್ತದೆ ಅಂತ ಅಮ್ಮನಿಗೆ ಸಂಕಟ ಇರಬಹುದು. ಅದಕ್ಕೆ ಬರೆಯುತ್ತಿದ್ದೇನೆ. ಓದುವುದು ಕಷ್ಟ ಅನ್ನಿಸಿದರೆ ಬಿಟ್ಟುಬಿಡಿ.

ಮೊದಲು ರಕ್ತನಾಳದ ಮೂಲಕ ದ್ರಾವಣ ತುಂಬಿ ದೇಹ ಕೆಡದಂತೆ ಮಾಡುತ್ತಾರೆ. ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲ ವರ್ಷದ ಮಕ್ಕಳು ಒಂದು ಮೇಜಿನ ಸುತ್ತ ಗುಂಪಾಗಿ ನಿಂತು ಕಲಿಯುತ್ತಾರೆ. ಮೊದಲ ದಿನ ನಮ್ಮಿಂದ ಪ್ರತಿಜ್ಞೆ ಮಾಡಿಸಿದರು: ಈ ದೇಹ ನಮ್ಮ ಮೊದಲ ಗುರು, ಗೌರವದಿಂದ ನಡೆದುಕೊಳ್ಳುತ್ತೇವೆ. ಫಾರ್ಮಾಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ನಮ್ಮ ಮೇಜಿನ ಮೇಲೆ ಒಬ್ಬ ಅಜ್ಜ ಇದ್ದರು. ಹೆಸರು ಹೇಳಿರಲಿಲ್ಲ. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಟ್ಟಿ ಜಡ್ಡು ಇತ್ತು. ಏನು ಕೆಲಸ ಮಾಡುತ್ತಿದ್ದರು ಅಂತ ನಾವು ಐದು ಜನ ದಿನಾ ಮಾತಾಡಿಕೊಳ್ಳುತ್ತಿದ್ದೆವು. ಬಡಗಿಯಾ, ಟೈಲರಾ? ಕೈಯ ಸ್ನಾಯುಗಳನ್ನು ನಾನು ಕಲಿತದ್ದು ಆ ಕೈಯಿಂದ. ಇವತ್ತಿಗೂ ಯಾರದಾದರೂ ಮುರಿದ ಕೈ ಹಿಡಿದರೆ ಆ ಜಡ್ಡು ನೆನಪಾಗುತ್ತದೆ.

ಡೊಂಬಿವಲಿ ಮಗಳು

ಡಾಕ್ಟರೇ, ಇದನ್ನು ಅಮ್ಮನಿಗೆ ಜೋರಾಗಿ ಓದಿದೆ. ಅಪ್ಪನ ಬಲ ಮುಂಗೈ ಮೇಲೆ ಕಾವಲಿ ತಾಗಿದ ಉದ್ದದ ಕಲೆ ಇದೆ. ಅಮ್ಮ ಸುಮಾರು ಹೊತ್ತು ಸುಮ್ಮನಿದ್ದು "ಆ ಮಕ್ಕಳಿಗೂ ಅದು ಕಾಣುತ್ತದೆ ಅಲ್ವಾ" ಅಂದರು.

ಆಮೇಲೆ ಮೇಷ್ಟ್ರು ಹೇಳಿದ ಹಾಗೆ ಕೇಳಿದೆ. ಬೊಜ್ಜದ ಚಿಂತೆ ಅವರಿಗಿಲ್ಲವಂತೆ. ಭಾನುವಾರ ಯಾರೂ ಬರದಿದ್ದರೆ ಅನ್ನೋ ಭಯ. ಶಾಸ್ತ್ರ ಇಲ್ಲ ಅಂದರೆ ಜನ ಯಾಕೆ ಬರುತ್ತಾರೆ, ಅವರನ್ನು ಯಾರೂ ನೆನೆಯದೆ ದಿನ ಕಳೆದುಹೋದರೆ ಅಂತ. ರಾತ್ರಿ ಅರ್ಧ ತಟ್ಟೆ ಗಂಜಿ ಕುಡಿದರು.

ಹೋಟೆಲ್ ಹುಡುಗ

ಅಮ್ಮನಿಗೆ ಹೇಳಿ, ರಾತ್ರಿಶಾಲೆಯವರು ನಾಲ್ಕು ಜನ ಗ್ಯಾರಂಟಿ.

ಕುಂದಾಪ್ರದ ಭಟ್ರು

ನಾನು ಥಾಣೆಯಲ್ಲಿದ್ದೇನೆ. ಬರಬಹುದಾ? ಮಂತ್ರ ಹೇಳಲಿಕ್ಕಲ್ಲ, ಸುಮ್ನೆ ಕೂರಲು.

ಡೊಂಬಿವಲಿ ಮಗಳು

ಖಂಡಿತ ಬನ್ನಿ.

ಪುಣೆಯ ಓದುಗ

ಸಭೆಗೆ ಸಲಹೆ: ಭಾಷಣ ಬೇಡ. ಅಪ್ಪನ ಕಾಗದ ಓದಿ. ಆಮೇಲೆ ಬಂದವರು ಒಂದೊಂದು ಘಟನೆ ಹೇಳಲಿ. ಬಾಗಿಲಲ್ಲಿ ನೇತ್ರದಾನದ ಫಾರಂ ಇಡಿ.

ಘಾಟ್‌ಕೋಪರ್ ಗೃಹಿಣಿ

ಫಾರಂ ಬೇಡ. ಅಳಲು ಬಂದವರ ಕೈಗೆ ಪೆನ್ನು ಕೊಡಬಾರದು. ಊಟಕ್ಕೆ ಏನು?

ಡೊಂಬಿವಲಿ ಮಗಳು

ಅಮ್ಮನೂ ಅದನ್ನೇ ಹೇಳಿದರು, ಫಾರಂ ಇಲ್ಲ. ಊಟಕ್ಕೆ ಅಪ್ಪನಿಗೆ ಇಷ್ಟವಾದ ಬನ್ಸು, ಕಡಲೆ ಗಸಿ, ಪಾಯಸ.

ತುಳುವೆ

ಬನ್ಸಿಗೆ ಬಾಳೆಹಣ್ಣು ಸಿಪ್ಪೆ ಕಪ್ಪಾಗುವಷ್ಟು ಹಣ್ಣಾಗಿರಲಿ. ಹಿಂದಿನ ರಾತ್ರಿಯೇ ಕಲಸಿಡಿ. ಮುಂಬೈ ಮೈದಾ ನೀರು ಜಾಸ್ತಿ ಎಳೆಯುತ್ತದೆ, ಮೊಸರು ನೋಡಿ ಹಾಕಿ.

ಡೊಂಬಿವಲಿ ಮಗಳು

ಭಾನುವಾರ ಆಯಿತು. ಬರೆಯಲು ಎರಡು ದಿನ ಬೇಕಾಯಿತು.

ಎಪ್ಪತ್ತಕ್ಕೂ ಜಾಸ್ತಿ ಜನ ಬಂದಿದ್ದರು, ಬನ್ಸು ಸಾಲದೆ ಪಾವ್ ತರಿಸಿದೆವು. ಅಪ್ಪನ ಫೋಟೋ, ಅದರ ಮುಂದೆ ಅಮ್ಮ ಹಚ್ಚಿದ ದೀಪ. ದೀಪ ಬೇಕಾ ಅಂತ ನಾನು ಕೇಳಲಿಲ್ಲ. ಎಣ್ಣೆ ಅಪ್ಪ ತಂದಿಟ್ಟದ್ದೇ ಇನ್ನೂ ಉಳಿದಿತ್ತು. ಕಾಗದ ಓದಿದೆ. ರಾತ್ರಿಶಾಲೆಯವರು ಮಾತಾಡಿದರು. ಭಟ್ರು ಕೊನೆಯ ಸಾಲಿನಲ್ಲಿ ಕೂತಿದ್ದು, ಆಮೇಲೆ ತಟ್ಟೆ ಎತ್ತಲು ಕೈ ಹಾಕಿದರು.

ಕೊನೆಗೆ ಅಮ್ಮ ಎದ್ದರು. ಸಭೆಯಲ್ಲಿ ಮಾತಾಡಿದವರೇ ಅಲ್ಲ. ಒಂದು ಬಿಸ್ಕತ್ತಿನ ಡಬ್ಬಿ ತಂದಿದ್ದರು. ಒಳಗೆ ಮನಿಯಾರ್ಡರ್ ರಸೀದಿಗಳು, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಅಡುಗೆಮನೆಯ ಬೆಂಕಿಯಲ್ಲಿ ಸತ್ತನಂತೆ, ನಾನು ಹುಟ್ಟುವ ಮುಂಚೆ. ಊರಲ್ಲಿದ್ದ ಅವನ ತಾಯಿಗೆ ಅಪ್ಪ ತಿಂಗಳಿಗೆ ಐವತ್ತು ರೂಪಾಯಿ ಕಳಿಸಿದ್ದಾರೆ, ಆಕೆ ಹೋಗುವ ತನಕ. ಹನ್ನೊಂದು ವರ್ಷ. ನನಗೆ ಗೊತ್ತೇ ಇರಲಿಲ್ಲ.

ಅಣ್ಣ ಬಂದಿದ್ದ. ಅವನ ಪ್ರಶ್ನೆ ಅಮ್ಮನಿಗೂ ತಲುಪಿತ್ತು ಅಂತ ಕಾಣುತ್ತದೆ. ಅವನ ಕಡೆ ನೋಡಿ ಹೇಳಿದರು: "ಹೆದರಿಕೆ ಏನೂ ಇರಲಿಲ್ಲ ಮಗಾ. ಆ ಹೆಂಗಸು ಒಬ್ಬಳೇ ಇದ್ದಾಳೆ ಅಂತ ಗೊತ್ತಿತ್ತು, ಕಳಿಸಿದರು."

ದೊಡ್ಡಪ್ಪ ಬರಲಿಲ್ಲ. ರಾತ್ರಿ ಫೋನ್ ಮಾಡಿ ಎಷ್ಟು ಜನ ಬಂದಿದ್ದರು ಅಂತ ಕೇಳಿದರು. ಊರಲ್ಲಿ ಅವರು ಅವರ ಮಟ್ಟಿಗೆ ಏನೋ ಮಾಡಿಸುತ್ತಾರಂತೆ. ಮಾಡಲಿ ಅಂದೆ. ಕಟ್ಟಡದ ವಾಚ್‌ಮನ್ ಮಗಳ ಹತ್ತನೇ ಕ್ಲಾಸಿನ ಫೀಸು ಕಟ್ಟಿದ್ದೇವೆ.

ಬಾಣಗಂಗಾ ಮೆಟ್ಟಿಲು

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಘಾಟ್‌ಕೋಪರ್ ಗೃಹಿಣಿ

ಅತ್ತೆ ನೇತ್ರದಾನದ ಫಾರಂ ತುಂಬಿದರು. ದೇಹದಾನಕ್ಕೂ ಕೊಡಬೇಕು ಅಂತಿದ್ದಾರೆ. ಕಣ್ಣು ತೆಗೆದ ಮೇಲೆ ದೇಹ ತೆಗೆದುಕೊಳ್ಳುತ್ತಾರಾ?

ಬಿಳಿ ಕೋಟು

ತೆಗೆದುಕೊಳ್ಳುತ್ತಾರೆ. ಪೋಸ್ಟ್‌ಮಾರ್ಟಂ ಆಗಿದ್ದರೆ, ಪೊಲೀಸ್ ಕೇಸ್ ಇದ್ದರೆ, ಎಚ್‌ಐವಿ ಅಥವಾ ಹೆಪಟೈಟಿಸ್‌ನಂಥ ಸೋಂಕು ಇದ್ದರೆ ಇಲ್ಲ. ಡಾಕ್ಟರು ಬರೆದ ಮರಣ ಪತ್ರ, ಆಧಾರ್ ಪ್ರತಿ ಕೈಯಲ್ಲಿರಲಿ. ಕಾಲೇಜಿನ ಅನಾಟಮಿ ವಿಭಾಗದ ಫೋನ್ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿಡಿ. ಮನೆಯ ಎಲ್ಲರಿಗೂ, ಊರಲ್ಲಿರುವವರಿಗೂ, ಈಗಲೇ ಹೇಳಿಡಿ.